ರೇಂಜ್‌ಫೈಂಡರ್ ಕೈಜಾರದಂತೆ ಹಿಡಿಯುವುದು: ಗ್ರಿಪ್ ಆಯ್ಕೆಯಲ್ಲಿ ನನ್ನ ಅನುಭವ

ಲೈಕಾ ಎಂ ಸರಣಿಯ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ, ಅಂದರೆ ಎರಡು ಬಿಂಬಗಳನ್ನು ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾಕ್ಕೆ, ಗ್ರಿಪ್ (ಹಿಡಿಕೆ) ಸೇರಿಸುವುದೆಂದರೆ ಅದರ ಅಂದ ಕೆಡಿಸಿದಂತೆ ಎಂದು ನನ್ನ ಜೊತೆಯ ಛಾಯಾಗ್ರಾಹಕರಲ್ಲಿ ಹೆಚ್ಚಿನವರು ವಾದಿಸುತ್ತಲೇ ಬಂದಿದ್ದರು. ಕೊರಳಿಗೆ ಒಂದು ಪಟ್ಟಿಯಿದ್ದರೆ ಸಾಕು, ಉಳಿದದ್ದೆಲ್ಲ ದುಡ್ಡು ದಂಡ ಎಂಬುದು ಅವರ ನಿಲುವು. ಕಳೆದ ಕಂಬಳದ ಋತುವನ್ನು, ಅಂದರೆ ನವೆಂಬರಿನಿಂದ ಮಾರ್ಚ್‌ವರೆಗಿನ ವಾರಾಂತ್ಯಗಳನ್ನು, ಲೈಕಾ ಎಂ9 ಮತ್ತು 75 ಮಿ.ಮೀ. ಲೆನ್ಸಿನಲ್ಲೇ ಮುಗಿಸಿದ ಮೇಲೂ ನನ್ನ ರೇಂಜ್‌ಫೈಂಡರಿನ ಹೊಂದಾಣಿಕೆ ಕದಲಲಿಲ್ಲ. ಅದನ್ನು ಕಂಡು ಅವರಲ್ಲೇ ಇಬ್ಬರು ನನ್ನ ಗ್ರಿಪ್ಪಿನ ಅಳತೆ ಕೇಳಿದ್ದಾರೆ. ಹಾಗಾಗಿ ಇದನ್ನು ಬರೆದಿಡುತ್ತಿದ್ದೇನೆ.

ಎಂ9 ಬ್ಯಾಟರಿ ಸಹಿತ 585 ಗ್ರಾಂ ತೂಗುತ್ತದೆ, 75 ಮಿ.ಮೀ. ಆಪೊ ಸುಮಿಕ್ರಾನ್ ಲೆನ್ಸ್ 430 ಗ್ರಾಂ. ಎರಡೂ ಸೇರಿ ಕಿಲೋ ದಾಟುವ ಈ ಜೋಡಿಯಲ್ಲಿ ಭಾರ ಮುಂದಕ್ಕೆ ವಾಲುತ್ತದೆ. ಹಿಂದೆ ಹೆಬ್ಬೆರಳಿಗಾಗಲಿ ಮುಂದೆ ಬೆರಳುಗಳಿಗಾಗಲಿ ಊರಲು ಒಂದು ಉಬ್ಬೂ ಇಲ್ಲ. ಕೆಳಕ್ಕೆ ಬಿದ್ದರೆ ಮಾತ್ರ ಹಾನಿ ಎಂದು ತಿಳಿಯಬಾರದು. ಕಂಬಕ್ಕೋ ಬೈಕಿನ ಹ್ಯಾಂಡಲ್‌ಗೋ ಬಲವಾಗಿ ಒಮ್ಮೆ ತಗುಲಿದರೂ ಲೆನ್ಸಿನ ಫೋಕಸನ್ನು ಅನುಸರಿಸುವ ಒಳಗಿನ ರೋಲರಿನ ಸನ್ನೆಕೋಲು ಸ್ವಲ್ಪ ಸರಿದು, ಎರಡು ಬಿಂಬಗಳು ಕೂಡಿದಂತೆ ಕಂಡರೂ ಚಿತ್ರ ಮಸುಕಾಗಬಹುದು. ಈ ಕ್ಯಾಮೆರಾದ ರೇಂಜ್‌ಫೈಂಡರಿನ ತಳದ ಉದ್ದ, ಅಂದರೆ ಅದರ ಎರಡು ಕಿಂಡಿಗಳ ನಡುವಿನ ಅಂತರ, 69.25 ಮಿ.ಮೀ., ವ್ಯೂಫೈಂಡರಿನ ವರ್ಧನೆ 0.68, ಎರಡನ್ನೂ ಗುಣಿಸಿದರೆ ನಮಗೆ ನಿಜವಾಗಿ ದಕ್ಕುವುದು ಸುಮಾರು 47 ಮಿ.ಮೀ. ಮಾತ್ರ. 75ರ ಅಪರ್ಚರನ್ನು ಪೂರ್ತಿ ತೆರೆದು ಚಿತ್ರ ತೆಗೆಯುವವರಿಗೆ ಅಷ್ಟರಲ್ಲಿ ತಪ್ಪಿಗೆ ಜಾಗವೇ ಇಲ್ಲ. ಒಮ್ಮೆ ಹೊರದೇಶಕ್ಕೆ ಕಳಿಸಿ ಸರಿಪಡಿಸಿಕೊಂಡಾಗ ಸಾಗಣೆ, ಸುಂಕ ಎಲ್ಲ ಸೇರಿ ನನಗೆ ಮೂವತ್ತು ಸಾವಿರದ ಹತ್ತಿರ ಖರ್ಚಾಯಿತು, ಕ್ಯಾಮೆರಾ ಕೈಸೇರಲು ತಿಂಗಳುಗಳೇ ಹಿಡಿದವು. ಗ್ರಿಪ್ಪಿನ ಖರ್ಚನ್ನು ನಾನು ಈ ಲೆಕ್ಕದ ಪಕ್ಕದಲ್ಲಿಟ್ಟೇ ನೋಡುತ್ತೇನೆ.

ಮೊದಲು ಸೋತದ್ದು ಕ್ಯಾಮೆರಾದ ಕೆಳಭಾಗವನ್ನು ಮುಚ್ಚುವ ಚರ್ಮದ ಹಾಫ್ ಕೇಸ್. ನಾಲ್ಕು ಸಾವಿರದ ಆಸುಪಾಸಿನಲ್ಲಿ ಬಂದ ಅದು ಕೈಗೆ ಹಿತವಾಗಿತ್ತು. ಆದರೆ ಎಂ9ರ ಬ್ಯಾಟರಿ, ಕಾರ್ಡ್ ಎರಡೂ ಬೇಸ್ ಪ್ಲೇಟಿನ (ತಳದ ಮುಚ್ಚಳದ) ಒಳಗಿರುವುದರಿಂದ ಪ್ರತಿ ಸಲವೂ ಕೇಸ್ ಬಿಚ್ಚಿ, ಪ್ಲೇಟ್ ತೆಗೆದು, ಮತ್ತೆ ಎಲ್ಲವನ್ನೂ ಜೋಡಿಸಬೇಕಾಗುತ್ತಿತ್ತು. ಕೋಣಗಳು ಓಡುವ ಕರೆಯ ಪಕ್ಕದಲ್ಲಿ ನಿಂತು, ಕೆಸರು ಸಿಡಿಯುವ ಹೊತ್ತಿನಲ್ಲಿ, ಕೈಯಲ್ಲಿ ಮೂರು ಬಿಡಿಭಾಗ ಹಿಡಿದು ಕಾರ್ಡ್ ಬದಲಿಸುವುದು ಸುರಕ್ಷಿತವಲ್ಲ. ಕರಾವಳಿಯ ಬೆವರಿಗೆ ಆ ಚರ್ಮ ಉಬ್ಬಿ ಸಡಿಲವೂ ಆಯಿತು.

ಎರಡನೆಯದು, ಆನ್‌ಲೈನಿನಲ್ಲಿ ಮೂರೂವರೆ ಸಾವಿರಕ್ಕೆ ಸಿಕ್ಕಿದ, ಬೇಸ್ ಪ್ಲೇಟಿನ ಬದಲಿಗೆ ಹಾಕುವ ಅಲ್ಯೂಮಿನಿಯಂ ಗ್ರಿಪ್. ಹಿಡಿತಕ್ಕೆ ಕೊರತೆಯಿರಲಿಲ್ಲ. ಆದರೆ ಅದರ ಬೀಗ ಪೂರ್ತಿ ಕೂರುತ್ತಿರಲಿಲ್ಲ, ಒಂದು ಬದಿಯಲ್ಲಿ ಉಗುರು ತೂರುವಷ್ಟು ಸಂದು ಉಳಿಯುತ್ತಿತ್ತು. ಬೇಸ್ ಪ್ಲೇಟ್ ಸರಿಯಾಗಿ ಕೂತಿಲ್ಲ ಎಂದು ಕಂಡರೆ ಎಂ9 ಕೆಲಸ ನಿಲ್ಲಿಸುತ್ತದೆ ಎಂಬುದು ಬಳಸುವವರಿಗೆಲ್ಲ ಗೊತ್ತು. ಗ್ರಿಪ್ಪನ್ನು ಬಿಗಿಯಾಗಿ ಹಿಡಿದಷ್ಟೂ ಪ್ಲೇಟ್ ಬಾಗಿ, ಕೋಣಗಳು ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ಬರುವಾಗಲೇ ಕ್ಯಾಮೆರಾ ಆರಿಹೋಗುತ್ತಿತ್ತು. ಮಾರಿದವರು ಹಣ ಹಿಂದಿರುಗಿಸಲಿಲ್ಲ.

ಇದಾದ ಮೇಲೆ ನಾನು ಕ್ರಮವನ್ನೇ ಬದಲಿಸಿದೆ. ಒಂದೇ ವಸ್ತುವಿನಿಂದ ಎಲ್ಲವನ್ನೂ ಸಾಧಿಸುವ ಬದಲು ಕೆಲಸವನ್ನು ಮೂರಾಗಿ ಹಂಚಿದೆ: ಬೀಳದಂತೆ ತಡೆಯಲು ಮಣಿಕಟ್ಟಿನ ಪಟ್ಟಿ, ವಾಲದಂತೆ ತಡೆಯಲು ಹೆಬ್ಬೆರಳಿನ ಆಸರೆ, ಭಾರ ಹೊರಲು ಮುಂಗ್ರಿಪ್. ಕೊಳ್ಳುವುದೂ ಇದೇ ಕ್ರಮದಲ್ಲಿ ಆಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊರಳಪಟ್ಟಿಯನ್ನು ಬಿಟ್ಟುಬಿಟ್ಟೆ. ಬಾಗಿದಾಗ ಕ್ಯಾಮೆರಾ ತೂಗಾಡಿ ಬೇಲಿಯ ಬಿದಿರಿಗೆ ಬಡಿಯುವುದು ಅದರಿಂದಲೇ. ಮಣಿಕಟ್ಟಿನ ಪಟ್ಟಿಗೆ ಬೆಟ್ಟ ಹತ್ತುವವರ ತೆಳು ಹಗ್ಗವನ್ನು ಬಳಸಿದ್ದೇನೆ, ಖರ್ಚು ಇನ್ನೂರು ರೂಪಾಯಿಯೂ ಆಗಲಿಲ್ಲ. ಪಟ್ಟಿಗಿಂತ ಅದನ್ನು ಕ್ಯಾಮೆರಾಕ್ಕೆ ಸೇರಿಸುವ ಉಂಗುರವೇ ಮೊದಲು ಕೈಕೊಡುತ್ತದೆ. ಬಾಯಿ ಸ್ವಲ್ಪ ತೆರೆದ ಉಂಗುರವನ್ನು ಮರುಮಾತಿಲ್ಲದೆ ಎಸೆಯಬೇಕು. ಎರಡು ಲೀಟರಿನ ನೀರಿನ ಬಾಟಲಿಯನ್ನು ರಾತ್ರಿಯಿಡೀ ಪಟ್ಟಿಗೆ ತೂಗುಹಾಕಿ ನೋಡಿದ ನಂತರವೇ ಅದನ್ನು ಕ್ಯಾಮೆರಾಕ್ಕೆ ಕಟ್ಟಿದೆ. ಗಂಟು ಹಾಕುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಫ್ಲ್ಯಾಷ್ ಕೂರಿಸಲು ಕ್ಯಾಮೆರಾದ ಮೇಲಿರುವ ಹಾಟ್ ಶೂವಿಗೆ ಸೇರಿಸುವ ಥಂಬ್ ರೆಸ್ಟ್‌ಗಳಲ್ಲಿ, ಅಂದರೆ ಹೆಬ್ಬೆರಳಿನ ಆಸರೆಗಳಲ್ಲಿ, ಹಿತ್ತಾಳೆಯದು ನಿಜಕ್ಕೂ ಒಳ್ಳೆಯದು. ಸೆಕೆಂಡ್ ಹ್ಯಾಂಡಿನಲ್ಲಿ ಏಳು ಸಾವಿರದಷ್ಟು ಕೊಟ್ಟೆ. ಸಾವಿರದೈನೂರರ ನಕಲು ಕೂಡ ನನ್ನಲ್ಲಿದೆ, ಆದರೆ ಅದು ಶೂವಿನಲ್ಲಿ ಅಲುಗಾಡುತ್ತದೆ. ಅಲುಗಾಡುವ ಥಂಬ್ ರೆಸ್ಟ್ ಇಲ್ಲದ್ದಕ್ಕಿಂತ ಕೆಟ್ಟದ್ದು, ಏಕೆಂದರೆ ಕೈ ಅದನ್ನು ನಂಬಿಬಿಡುತ್ತದೆ, ಭಾರವೆಲ್ಲ ಶೂವಿನ ಸ್ಕ್ರೂಗಳ ಮೇಲೆ ಬೀಳುತ್ತದೆ. ಒಳ್ಳೆಯದಕ್ಕೂ ಒಂದು ತೆಳುವಾದ ಹಾಳೆಯನ್ನು ಒಳಗಿಟ್ಟು ಬಿಗಿಮಾಡಿದ್ದೇನೆ. ಅದು ಯಾವ ಹಾಳೆ ಎಂಬುದನ್ನು ಹುಡುಕಿಕೊಳ್ಳುವ ಸಂತೋಷ ಓದುಗರಿಗಿರಲಿ. ಶೂ ಹೀಗೆ ತುಂಬಿಹೋದರೆ 21 ಮಿ.ಮೀ. ಅಗಲದ ಲೆನ್ಸಿಗೆ ಬೇಕಾದ ಹೊರ ವ್ಯೂಫೈಂಡರ್ ಹಾಕಲಾಗುವುದಿಲ್ಲ. ಅಗಲದ ಚಿತ್ರಗಳನ್ನೇ ಹೆಚ್ಚು ತೆಗೆಯುವವರು ಮೇಲೆ ಇನ್ನೊಂದು ಶೂ ಇರುವ ಮಾದರಿಯನ್ನು ಹುಡುಕಬೇಕು.

ಮುಂಗ್ರಿಪ್ಪನ್ನು ಬೆಂಗಳೂರಿನ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದೆ. ಹಳೆಯದೊಂದು ಮೂಲ ಬೇಸ್ ಪ್ಲೇಟ್ ಐದು ಸಾವಿರದ ಸುಮಾರಿಗೆ ಸಿಕ್ಕಿತ್ತು. ಬೀಗವನ್ನು ಮುಟ್ಟದೆ ಹಾಗೆಯೇ ಉಳಿಸಿಕೊಂಡು, ಅದರ ಮುಂದಂಚಿಗೆ ಅಲ್ಯೂಮಿನಿಯಂ ದಿಮ್ಮಿಯಿಂದ ಮಿಲ್ಲಿಂಗ್ ಮಾಡಿದ, ಅಂದರೆ ಯಂತ್ರದಲ್ಲಿ ಕೊರೆದು ತೆಗೆದ, ಉಬ್ಬನ್ನು ಸ್ಕ್ರೂನಿಂದ ಕೂರಿಸಿದೆವು. ಬೀಗ ಮೂಲದ್ದೇ ಆದ್ದರಿಂದ ಸಂದು ಉಳಿಯುವ ಪ್ರಶ್ನೆಯೇ ಇಲ್ಲ, ಕ್ಯಾಮೆರಾ ಒಮ್ಮೆಯೂ ಆರಿಲ್ಲ. ಮಿಲ್ಲಿಂಗಿಗೆ ಸಾವಿರದೆಂಟುನೂರು, ಕಪ್ಪು ಆನೊಡೈಜಿಂಗಿಗೆ (ಮೇಲ್ಮೈಯ ಲೇಪಕ್ಕೆ) ಐನೂರು. ತೂಕ ನೂರು ಗ್ರಾಮಿನೊಳಗಿದೆ. ಕಂಪನಿಯ ಗ್ರಿಪ್ ಇದಕ್ಕಿಂತ ನುಣುಪಾಗಿರಬಹುದು, ಆದರೆ ನನ್ನ ನಡುಬೆರಳಿನ ಎರಡನೆಯ ಗೆಣ್ಣಿಗೆ ಸರಿಯಾಗಿ ಕೂರುವುದು ಇದೇ. ಉಬ್ಬಿನ ಎತ್ತರವನ್ನು ಮೊದಲು ಮಕ್ಕಳ ಆಟದ ಮೇಣದಲ್ಲಿ ಒತ್ತಿ ಗುರುತಿಸಿಕೊಂಡಿದ್ದೆ.

ನಡುವೆ ಬ್ಯಾಡ್ಮಿಂಟನ್ ರ‍್ಯಾಕೆಟ್ಟಿನ ಗ್ರಿಪ್ ಟೇಪನ್ನೂ ಅಂಟಿಸಿ ನೋಡಿದ್ದುಂಟು. ಬೆವರನ್ನು ಚೆನ್ನಾಗಿ ಹೀರುತ್ತದೆ, ಆದರೆ ಬಿಸಿಲಿನಲ್ಲಿ ಅಂಟು ಹರಿದು ಅಂಚಿಗೆ ಬರುತ್ತದೆ. ಈಗ ಅದರ ಒಂದು ಸಣ್ಣ ತುಂಡು ಉಬ್ಬಿನ ಒಳಮೈಯಲ್ಲಿ ಮಾತ್ರ ಇದೆ. ಶಟರ್ ಗುಂಡಿಗೆ ತಿರುಗಿಸಿ ಕೂರಿಸುವ ಸಾಫ್ಟ್ ರಿಲೀಸ್ ಎಂಬ ಪುಟ್ಟ ಬಿರಡೆ ಬೆರಳಿಗೆ ಮೆತ್ತಗಿದ್ದರೂ ಚೀಲದೊಳಗೆ ಒತ್ತಿಕೊಂಡು ಬ್ಯಾಟರಿ ತಿನ್ನುತ್ತದೆ, ತಾನಾಗಿ ಬಿಚ್ಚಿಕೊಂಡು ಕಳೆದೂ ಹೋಗುತ್ತದೆ. ರಬ್ಬರ್ ವಾಷರ್ ಹಾಕಿದರೆ ನಿಲ್ಲುತ್ತದೆ.

ನನ್ನ ಪ್ಲೇಟಿನ ಅಳತೆ ಕೇಳಿದ ಇಬ್ಬರಲ್ಲಿ ಒಬ್ಬರ ಬಳಿ ಎಂ8 ಇದೆ, ಅವರಿಗೆ ಇದೇ ಪ್ಲೇಟ್ ಹೊಂದುತ್ತದೆ. ಇನ್ನೊಬ್ಬರದು ಎಂ10, ಅದರ ಬೇಸ್ ಪ್ಲೇಟೇ ಬೇರೆ. ಹೊಸದಾಗಿ ಅಳೆದು ಮಾಡಿಸಬೇಕು. 2022ರಲ್ಲಿ ಬಂದ ಎಂ11ರಲ್ಲಂತೂ ಬೇಸ್ ಪ್ಲೇಟೇ ಇಲ್ಲ, ಬ್ಯಾಟರಿ ಅಡಿಯಿಂದಲೇ ನೇರವಾಗಿ ಹೊರಬರುತ್ತದೆ. ಅದಕ್ಕೆ ಗ್ರಿಪ್ ಕೊಳ್ಳುವವರು ಬ್ಯಾಟರಿ ತೆಗೆಯುವ ಸನ್ನೆಕೋಲು ಬೆರಳಿಗೆ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ತೆಗೆದು ಹಾಕಿ ನೋಡಬೇಕು. ಎಂ10ರ ಪ್ಲೇಟಿಗೆ ದಿಮ್ಮಿಯನ್ನು ಈಗಾಗಲೇ ಕತ್ತರಿಸಲು ಕೊಟ್ಟಾಗಿದೆ.