ಐಬಿ ಡಿಪ್ಲೊಮಾದ ‘ಕೋರ್’: ಮೂರೇ ಅಂಕ ಎಂದು ಬಿಡುವಂತಿಲ್ಲ

ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೆಟ್) ಡಿಪ್ಲೊಮಾ ಪಿಯುಸಿ ಹಂತದ ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸ್. ಅದರ 45 ಅಂಕದಲ್ಲಿ ಆರು ವಿಷಯಕ್ಕೆ 42, ಕೋರ್‌ಗೆ 3. ಪಿಯುಸಿ ಲೆಕ್ಕಕ್ಕೆ ಒಗ್ಗಿದ ಮೈಸೂರಿನ ಮನೆಗಳಲ್ಲಿ ‘ಮೂರೇ ತಾನೆ’ ಎಂದು ಅದನ್ನು ಕೊನೆಗೆ ತಳ್ಳುವುದುಂಟು. ಆದರೆ ಕೋರ್‌ನ ಎಕ್ಸ್‌ಟೆಂಡೆಡ್ ಎಸ್ಸೆ (ಸಂಶೋಧನಾ ಪ್ರಬಂಧ), ಥಿಯರಿ ಆಫ್ ನಾಲೆಡ್ಜ್ (ನಮಗೆ ತಿಳಿದದ್ದು ಹೇಗೆ ತಿಳಿಯಿತು ಎಂದು ಪ್ರಶ್ನಿಸುವ ಪಾಠ) ಎರಡರಲ್ಲಿ ಒಂದಕ್ಕೆ ಅತಿ ಕೆಳಗಿನ ‘ಇ’ ಗ್ರೇಡ್ ಬಂದರೂ ಉಳಿದ ಅಂಕ ಎಷ್ಟೇ ಇರಲಿ, ಡಿಪ್ಲೊಮಾ ಸಿಗುವುದಿಲ್ಲ. ಕೋರ್‌ನ ಮೂರನೇ ಭಾಗ, ಚಟುವಟಿಕೆಗಳ ಸಿಎಎಸ್ ಮುಗಿಸದಿದ್ದರೂ ಅಷ್ಟೇ.

ಮೊದಲು ಎಸ್ಸೆಗೆ ಕೈ ಹಾಕಿ. ಮಿತಿ 4,000 ಪದ, ವಿದ್ಯಾರ್ಥಿಯ ಕೆಲಸ ಸುಮಾರು 40 ಗಂಟೆ, ಮಾರ್ಗದರ್ಶಕರ ಜೊತೆ ಮೂರು ಕಡ್ಡಾಯ ಮಾತುಕತೆ. ಹೆಚ್ಚಿನವು ಎಡವುವುದು ಪ್ರಶ್ನೆಯಲ್ಲೇ. ‘ಮಂಡ್ಯದ ಬೆಲ್ಲ’ ಪ್ರಶ್ನೆಯಲ್ಲ. ‘ಕಡಿದ ಕಬ್ಬನ್ನು 0, 24, 48, 72 ಗಂಟೆ ಇಟ್ಟು ಅರೆದರೆ ಕಬ್ಬಿನ ಹಾಲಿನ ಸುಕ್ರೋಸ್ (ಸಕ್ಕರೆ) ಎಷ್ಟು ಇಳಿಯುತ್ತದೆ?’ ಎಂದರೆ ರಸಾಯನಶಾಸ್ತ್ರದ ಎಸ್ಸೆ ಆಗುತ್ತದೆ. ಇದನ್ನು ಬರಿಯ ಬ್ರಿಕ್ಸ್ ಮೀಟರಿನಲ್ಲಿ ಅಳೆದರೆ ಮೋಸಹೋಗುತ್ತೀರಿ: ಅದು ಕರಗಿದ ಎಲ್ಲ ಪದಾರ್ಥವನ್ನೂ ಸೇರಿಸಿ ತೋರಿಸುತ್ತದೆ. ಕಬ್ಬು ಒಣಗಿ ನೀರು ಹೋದಂತೆ ಬ್ರಿಕ್ಸ್ ಏರಬಹುದು, ಒಳಗೆ ಸುಕ್ರೋಸ್ ಒಡೆದು ಗ್ಲುಕೋಸ್, ಫ್ರಕ್ಟೋಸ್ ಆಗುತ್ತಿರುತ್ತದೆ. ಸುಕ್ರೋಸ್ ಅಳೆಯಲು, ದ್ರಾವಣ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂದು ನೋಡುವ ಪೋಲಾರಿಮೀಟರ್ ಬೇಕು. ಪ್ರತಿ ಅವಧಿಗೂ ಒಂದೇ ಗದ್ದೆಯ ಕನಿಷ್ಠ ಐದು ಮಾದರಿ ತೆಗೆದುಕೊಳ್ಳಿ, ಪ್ರತಿ ಸಲವೂ ಜಲ್ಲೆಯ ತೂಕ ಬರೆದಿಡಿ. ಆಲೆಮನೆಗೆ ಹೋಗುವ ಮೊದಲೇ ಪ್ರಯೋಗಾಲಯದಲ್ಲಿ ಒಮ್ಮೆ ಮಾಡಿ ನೋಡುವುದು ಲೇಸು. 4,000 ದಾಟಿದ ಭಾಗವನ್ನು ಪರೀಕ್ಷಕರು ಓದುವುದಿಲ್ಲ, ಹಾಗಾಗಿ ತೀರ್ಮಾನ ಅಲ್ಲಿಗೆ ಬಿದ್ದರೆ ಅದು ಬರೆಯದ ಲೆಕ್ಕ.

ಥಿಯರಿ ಆಫ್ ನಾಲೆಡ್ಜ್‌ನಲ್ಲಿ 1,600 ಪದದ ಪ್ರಬಂಧ ಮೂರನೇ ಎರಡು ಪಾಲು, ಪ್ರದರ್ಶನ ಉಳಿದ ಪಾಲು. ಪ್ರದರ್ಶನಕ್ಕೆ 35 ಪ್ರಶ್ನೆಗಳ ಪಟ್ಟಿಯಿಂದ ಒಂದನ್ನು ಆರಿಸಿ ಮೂರು ವಸ್ತುಗಳನ್ನು ಅದಕ್ಕೆ ಬೆಸೆಯಬೇಕು, ವಿವರಣೆ 950 ಪದದೊಳಗೆ. ‘ಒಂದು ಪಂಚಾಂಗ’ ಎಂದರೆ ಸಾಲದು. ಅಜ್ಜಿ ಮುಹೂರ್ತಕ್ಕೆ ಗುರುತು ಹಾಕಿದ ಒಂಟಿಕೊಪ್ಪಲ್ ಪಂಚಾಂಗ, ತಾತನ ಗದ್ದೆಯ ಪಹಣಿ, ಇಂಥ ನಿರ್ದಿಷ್ಟ ವಸ್ತು ಬೇಕು. ಒಂದೇ ತರಗತಿಯ ಇಬ್ಬರು ಒಂದೇ ವಸ್ತು ಇಡುವಂತಿಲ್ಲ.

ಸಿಎಎಸ್ ಎಂದರೆ ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ. ಅಂಕವಿಲ್ಲ, ಆದರೆ ಕನಿಷ್ಠ 18 ತಿಂಗಳು ನಡೆಯಬೇಕು, ಏಳು ಕಲಿಕಾ ಫಲಗಳಿಗೂ ಪುರಾವೆ ಬೇಕು. ಒಂದು ಭಾನುವಾರ ಕುಕ್ಕರಹಳ್ಳಿ ಕೆರೆದಂಡೆಯ ಪ್ಲಾಸ್ಟಿಕ್ ಹೆಕ್ಕಿದರೆ ಅದು ಅನುಭವ ಮಾತ್ರ. ಪ್ರಾಜೆಕ್ಟ್ ಎನಿಸಬೇಕಾದರೆ ಜೊತೆಗಾರರೊಂದಿಗೆ ಕನಿಷ್ಠ ಒಂದು ತಿಂಗಳು ಯೋಜಿಸಿ, ಮಾಡಿ, ಅವಲೋಕಿಸಬೇಕು. ಅವಲೋಕನವನ್ನು ಆ ವಾರವೇ ಬರೆಯಿರಿ. ಎರಡನೇ ವರ್ಷದ ಕೊನೆಗೆ ಒಟ್ಟಿಗೆ ಬರೆದ ಇಪ್ಪತ್ತು ಪುಟ ಒಂದೇ ದಿನದ ಅಡುಗೆ ಎಂದು ಸಂಯೋಜಕರಿಗೆ ತಕ್ಷಣ ತಿಳಿಯುತ್ತದೆ.