ಮುಳ್ಳಯ್ಯನಗಿರಿಯ ಏರಿನಲ್ಲಿ ವೇಗದ ಗೆಳೆಯರ ಹಿಂದೆ: ನನ್ನ ದಮ್ಮು ಅಳೆದುಕೊಂಡ ಬಗೆ

ನಮಗಿಂತ ವೇಗವಾಗಿ ಸೈಕಲ್ ತುಳಿಯುವವರೊಂದಿಗೆ ಬೆಟ್ಟ ಹತ್ತಿದರೆ ನಮ್ಮ ಶಕ್ತಿ ಎಷ್ಟೆಂಬುದು ತಾನಾಗಿಯೇ ತಿಳಿಯುತ್ತದೆ ಎಂದು ಸೈಕಲ್ ಸವಾರರಲ್ಲಿ ಅನೇಕರು ನಂಬಿದ್ದಾರೆ. ನನಗೆ ಅದು ಅರ್ಧ ನಿಜವೆನಿಸುತ್ತದೆ. ಗೆಳೆಯರು ನನಗಿಂತ ಎಷ್ಟು ಮುಂದೆ ಹೋದರು ಎಂಬುದರಲ್ಲಿ ಅವರ ಸಾಮರ್ಥ್ಯವೂ ಬೆರೆತಿರುತ್ತದೆ. ನನ್ನದನ್ನಷ್ಟೇ ಬೇರ್ಪಡಿಸಿ ತಿಳಿಯಬೇಕಾದರೆ, ಆ ಅಂತರ ಏರಿನ ಮೊದಲ ಭಾಗದಲ್ಲಿ ಎಷ್ಟಿತ್ತು, ಕೊನೆಯ ಭಾಗದಲ್ಲಿ ಯಾವ ವೇಗದಲ್ಲಿ ಬೆಳೆಯಿತು ಎಂಬುದನ್ನು ಗಮನಿಸಬೇಕು. ಚಿಕ್ಕಮಗಳೂರಿನಿಂದ ಕೈಮರದ ಮೂಲಕ, ಮುಳ್ಳಯ್ಯನಗಿರಿಯ ದಾರಿಯಲ್ಲೇ ಸಿಗುವ ಸೀತಾಳಯ್ಯನಗಿರಿಯವರೆಗೆ ಮೌಂಟನ್ ಬೈಕಿನಲ್ಲಿ ಹೊರಟಾಗ ನಾನು ಪರೀಕ್ಷಿಸಲು ಬಯಸಿದ್ದು ಇದನ್ನೇ.

ಈ ದಾರಿ ಇಂಥ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದ್ದರೆ, ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಎತ್ತರವಿದೆ. ಹೋಗುವಾಗ ಡಾಂಬರು ರಸ್ತೆಯ ದೀರ್ಘವಾದ ಏರು; ಬರುವಾಗ, ಮಾಲೀಕರ ಅನುಮತಿ ಪಡೆದು, ಕಾಫಿ ತೋಟಗಳ ಜೀಪು ದಾರಿಯಲ್ಲಿ ಇಳಿತದ ನಡುನಡುವೆ ಸಿಗುವ ಚಿಕ್ಕ ಆದರೆ ಕಡಿದಾದ ಏರುಗಳು. ಮೊದಲನೆಯದು ಒಂದೇ ಸಮನೆ ತುಳಿಯುವ ತಾಳಿಕೆಯನ್ನೂ ಎರಡನೆಯದು ದಣಿದ ಬಳಿಕ ಬೇಗ ಸುಧಾರಿಸಿಕೊಳ್ಳುವ ಶಕ್ತಿಯನ್ನೂ ತೋರಿಸುತ್ತವೆ.

ಏರಿನಲ್ಲಿ ಬಲ ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿಯ ತಡೆಯನ್ನು ತಪ್ಪಿಸಿಕೊಳ್ಳಬಹುದು. ಗಂಟೆಗೆ 8-10 ಕಿಲೋಮೀಟರ್ ವೇಗದ ಏರಿನಲ್ಲಿ ಆ ಲಾಭ ಬಹುಪಾಲು ಇಲ್ಲವಾಗುತ್ತದೆ, ಶ್ರಮವೆಲ್ಲ ತೂಕವನ್ನು ಮೇಲೆತ್ತುವುದಕ್ಕೇ ಹೋಗುತ್ತದೆ. ನಾನು, ಸೈಕಲ್ಲು, ನೀರು ಎಲ್ಲ ಸೇರಿ 84 ಕಿಲೋ ಎಂದಿಟ್ಟುಕೊಂಡರೆ, ಗಂಟೆಗೆ 600 ಮೀಟರ್ ಎತ್ತರ ಏರಲು, ಟೈರಿನ ಘರ್ಷಣೆಯನ್ನು ಬಿಟ್ಟು, ಸುಮಾರು 137 ವಾಟ್ ಬೇಕು. ಆದ್ದರಿಂದ ಕೈಗಡಿಯಾರವೂ ಎತ್ತರ ತೋರಿಸುವ ಮೊಬೈಲೂ ಇದ್ದರೆ ಸಾಕು, ಪ್ರತಿ ಕಾಲು ಗಂಟೆಗೆ ಎಷ್ಟು ಮೀಟರ್ ಏರಿದೆನೆಂದು ನೋಡಿಕೊಂಡೇ ಲೆಕ್ಕ ಸಿಗುತ್ತದೆ. ಎದೆಗೆ ಕಟ್ಟುವ ಪಟ್ಟಿಯಿಂದ ಹೃದಯಬಡಿತವನ್ನೂ ದಾಖಲಿಸಿಕೊಂಡೆ. ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸನ್ನು ಕಳೆಯುವ ಸೂತ್ರ ದೊಡ್ಡ ಗುಂಪಿನ ಸರಾಸರಿಗೆ ಸರಿಹೊಂದಬಹುದು, ಆದರೆ ಒಬ್ಬೊಬ್ಬರ ವಿಷಯದಲ್ಲಿ ಹತ್ತು ಹದಿನೈದು ಬಡಿತಗಳಷ್ಟು ಆಚೀಚೆ ಆಗುವುದು ಸಾಮಾನ್ಯವಾದ್ದರಿಂದ ನಾನು ಅದನ್ನು ನೆಚ್ಚಲಿಲ್ಲ. ಅದಕ್ಕಿಂತ ಮಾತಿನ ಪರೀಕ್ಷೆಯೇ ಮೇಲು: ಒಂದು ಪೂರ್ಣ ವಾಕ್ಯವನ್ನು ತಡವರಿಸದೆ ಆಡಲಾಗುತ್ತಿದ್ದರೆ ಆ ವೇಗವನ್ನು ಗಂಟೆಗಟ್ಟಲೆ ಉಳಿಸಿಕೊಳ್ಳಬಹುದು, ಎರಡು ಮೂರು ಪದಗಳಿಗೇ ಉಸಿರು ಕಟ್ಟುತ್ತಿದ್ದರೆ ಉಳಿಸಿಕೊಳ್ಳಲಾಗದು.

ಕೈಮರ ದಾಟಿ ಏರು ಬಿಗಿಯಾದಾಗ ಗೆಳೆಯರು ತಮ್ಮ ವೇಗಕ್ಕೆ ಹೊರಟುಹೋದರು. ಅವರನ್ನು ಹಿಡಿಯುವ ಆಸೆಯನ್ನು ಅದುಮಿಟ್ಟುಕೊಳ್ಳುವುದೇ ಈ ಪರೀಕ್ಷೆಯ ಅತಿ ಕಷ್ಟದ ಭಾಗವೆಂದು ನಾನು ಹೇಳುತ್ತೇನೆ. ಮೊದಲ ಹತ್ತು ನಿಮಿಷ ಇನ್ನೊಬ್ಬರ ವೇಗಕ್ಕೆ ತುಳಿದರೆ ಉಳಿದ ಏರೆಲ್ಲ ಆ ಸಾಲವನ್ನು ತೀರಿಸುವುದರಲ್ಲೇ ಕಳೆಯುತ್ತದೆ, ಅಳೆಯಲು ಏನೂ ಉಳಿಯುವುದಿಲ್ಲ. ಹಿಂದಿನ ಟೈರು ಜಾರದಂತೆ ಸೀಟಿನ ಮೇಲೇ ಕುಳಿತು, ಹಗುರ ಗೇರಿನಲ್ಲಿ ನಿಮಿಷಕ್ಕೆ 70ರ ಆಸುಪಾಸಿನಲ್ಲಿ ಪೆಡಲ್ ಸುತ್ತಿಸುತ್ತ ಹೋದೆ. ಮೂರು ಗುರುತಿನ ತಿರುವುಗಳಲ್ಲಿ ಅವರು ದಾಟಿದ ಸಮಯವನ್ನೂ ನಾನು ದಾಟಿದ ಸಮಯವನ್ನೂ ಆಮೇಲೆ ಹೋಲಿಸಿ ನೋಡುವಂತೆ ಎಲ್ಲರ ಫೋನುಗಳಲ್ಲೂ ದಾಖಲೆ ಇಟ್ಟಿದ್ದೆವು. ಅಂತರ ಬೆಳೆಯುತ್ತ ಹೋಯಿತಾದರೂ ಒಂದೇ ದರದಲ್ಲಿ ಬೆಳೆಯಿತು. ಏರುವ ವೇಗ ಕುಗ್ಗದೆ ಹೃದಯಬಡಿತ ಕೊನೆಯಲ್ಲಿ ತುಸುವೇ ಮೇಲೆ ಸರಿದಿತ್ತು. ಬೆವರಿ ದೇಹದ ನೀರು ಇಳಿದಂತೆ ಅಷ್ಟು ಏರುವುದು ಸಹಜ. ತಾಳಿಕೆ ಚೆನ್ನಾಗಿದೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿರಲಿಲ್ಲ.

ಮೇಲೆ ತಲುಪಿದಾಗ ಒಂದು ಅನ್ಯಾಯ ಕಣ್ಣಿಗೆ ಬಿತ್ತು. ವೇಗದವರು ಮೊದಲೇ ಬಂದು, ಬಾಳೆಹಣ್ಣು ತಿಂದು, ಗಾಳಿಗೆ ಮೈಯೊಡ್ಡಿ ಕುಳಿತಿರುತ್ತಾರೆ. ಹಿಂದಿನವನು ಏದುಸಿರು ಬಿಡುತ್ತ ಬಂದೊಡನೆ "ಸರಿ, ಹೊರಡೋಣವೇ" ಎಂದು ಏಳುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವನಿಗೇ ಕಡಿಮೆ ವಿಶ್ರಾಂತಿ. ಆದ್ದರಿಂದ ನಾನು ಬಂದ ಬಳಿಕ ಹತ್ತು ನಿಮಿಷ ಎಲ್ಲರೂ ನಿಲ್ಲಬೇಕೆಂದು ಹೊರಡುವ ಮುನ್ನವೇ ಒಪ್ಪಿಸಿಕೊಂಡಿದ್ದೆ. ಇಲ್ಲವಾದರೆ ಮುಂದಿನ ಭಾಗದಲ್ಲಿ ಕಾಣುವುದು ಶಕ್ತಿಯ ಕೊರತೆಯೋ ವಿಶ್ರಾಂತಿಯ ಕೊರತೆಯೋ ಎಂದು ಬಿಡಿಸಿ ಹೇಳಲಾಗದು.

ಇಳಿಜಾರನ್ನು ಲೆಕ್ಕದಿಂದ ಪೂರ್ತಿ ಕೈಬಿಟ್ಟೆ. ಜಲ್ಲಿಕಲ್ಲಿನ ಮೇಲೆ ಬ್ರೇಕ್ ಬಿಟ್ಟು ಹಿಡಿಯುವುದು, ತಿರುವಿನಲ್ಲಿ ನೋಟವನ್ನು ಮುಂದಕ್ಕೆ ಹಾಯಿಸುವುದು ಕೌಶಲದ ವಿಷಯ. ಅಲ್ಲಿ ಹಿಂದೆ ಬಿದ್ದರೆ ದಮ್ಮು ಕಡಿಮೆ ಎಂದು ಅರ್ಥವಲ್ಲ. ಅಲ್ಲದೆ ಅದು ಕಾಫಿ ಕೊಯ್ಲಿನ ಕಾಲ. ಮೂಟೆ ಹೊತ್ತ ಟ್ರ್ಯಾಕ್ಟರು ಯಾವ ತಿರುವಿನಲ್ಲಿ ಎದುರಾಗುವುದೋ ತಿಳಿಯದ ದಾರಿಯಲ್ಲಿ, ಕೊಯ್ಲಿನವರನ್ನು ಕಂಡಾಗ ಇಳಿದು ನಡೆಯುವುದೇ ಮರ್ಯಾದೆ.

ಕೊರತೆ ಸಿಕ್ಕಿದ್ದು ತೋಟದೊಳಗಿನ ಕಡಿದಾದ ಏರುಗಳಲ್ಲಿ. ಸಿಲ್ವರ್ ಓಕ್ ಮರಗಳ ನಡುವೆ ಎರಡು ಮೂರು ನಿಮಿಷ ಮೈಯೆಲ್ಲ ಬಿಗಿಹಿಡಿದು ತುಳಿಯಬೇಕಾದ ಏರುಗಳವು. ಮೊದಲನೆಯದರಲ್ಲಿ ಗೆಳೆಯರ ಹಿಂದಿನ ಚಕ್ರ ಕಣ್ಣಳತೆಯಲ್ಲೇ ಇತ್ತು. ಮೂರನೆಯದರ ಹೊತ್ತಿಗೆ, ತುದಿಯಲ್ಲಿ ಒಂದು ನಿಮಿಷ ನಿಂತರೂ ನನ್ನ ಬಡಿತ ಹದಿನೈದಷ್ಟೇ ಇಳಿಯುತ್ತಿತ್ತು, ಬೆಳಗ್ಗೆ ಅದೇ ಒಂದು ನಿಮಿಷಕ್ಕೆ ಸುಮಾರು ಮೂವತ್ತು ಇಳಿಯುತ್ತಿತ್ತು. ಸಾಲಿನ ಕೊನೆಯಲ್ಲಿರುವವನಿಗೆ ಇನ್ನೊಂದು ತೊಂದರೆಯೂ ಉಂಟು: ಮುಂದಿನವನು ತಿರುವಿನಲ್ಲಿ ತುಸು ನಿಧಾನಿಸಿದರೆ ಕೊನೆಯವನು ಬಹುತೇಕ ನಿಂತೇಬಿಡುತ್ತಾನೆ, ಮತ್ತೆ ವೇಗ ಪಡೆಯಲು ಪ್ರತಿಸಲವೂ ಹೆಚ್ಚು ಬಲ ಖರ್ಚು ಮಾಡುತ್ತಾನೆ. ಇದನ್ನು ಪರಿಶೀಲಿಸಲು ಉಳಿದ ಏರುಗಳಲ್ಲಿ ಎರಡನೆಯ ಸ್ಥಾನಕ್ಕೆ ಬಂದೆ. ಅಂತರ ಕೊಂಚ ತಗ್ಗಿತಾದರೂ ಬಡಿತ ಇಳಿಯುವ ಬಗೆ ಬದಲಾಗಲಿಲ್ಲ, ಹಾಗಾಗಿ ಕೊರತೆ ನನ್ನದೇ ಎಂದು ಖಚಿತವಾಯಿತು.

ಆ ಬಳಿಕ ವಾರಾಂತ್ಯದ ದೂರದ ಸವಾರಿಯನ್ನು ಹಾಗೆಯೇ ಉಳಿಸಿಕೊಂಡು, ವಾರದ ನಡುವೆ ಒಂದು ದಿನ ಮನೆಯ ಬಳಿಯ ಏರಿನಲ್ಲಿ ಎರಡು ನಿಮಿಷ ಜೋರಾಗಿ, ಎರಡು ನಿಮಿಷ ಹಗುರವಾಗಿ ತುಳಿಯುವ ಅಭ್ಯಾಸವನ್ನು ಸೇರಿಸಿಕೊಂಡಿದ್ದೇನೆ. ಮುಂದಿನ ಸಲ ತೋಟದ ಏರುಗಳಲ್ಲಿ ನನ್ನನ್ನು ಒಂದು ನಿಮಿಷ ಮೊದಲೇ ಬಿಟ್ಟು, ಆಮೇಲೆ ಬೆನ್ನಟ್ಟಿ ಬರಬೇಕೆಂದು ಗೆಳೆಯರಲ್ಲಿ ಕೇಳಿಕೊಂಡಿದ್ದೇನೆ, ಅವರೂ ಒಪ್ಪಿದ್ದಾರೆ.