ಚೀನೀ ಅಕ್ಷರ ‘ಗ್ವೊ’ ಸರಿಹೋದ ಬಗೆ

ದೇಶ ಎಂಬರ್ಥದ ‘ಗ್ವೊ’ (国) ಬರೆದಾಗಲೆಲ್ಲ ಒಳಗಿನ ಗೆರೆಗಳು ಇಕ್ಕಟ್ಟಾಗಿ ಚೌಕಟ್ಟಿಗೆ ತಾಗುತ್ತಿದ್ದವು. ವೇಗವಾಗಿ ಗೀಚಿದರೆ ಮೊಬೈಲ್ ಬೇರೆ ಅಕ್ಷರ ತೋರಿಸುತ್ತಿತ್ತು. ಪುಟಗಟ್ಟಲೆ ತಿದ್ದಿದ್ದು, ಮುದ್ರಿತ ಅಕ್ಷರದ ಮೇಲೆ ತೆಳು ಹಾಳೆಯಿಟ್ಟು ಬರೆದದ್ದು ಪ್ರಯೋಜನಕ್ಕೆ ಬರಲಿಲ್ಲ. ವಿಡಿಯೊಗಳಂತೂ ಗೊಂದಲವನ್ನೇ ಹೆಚ್ಚಿಸಿದವು: ಜಪಾನಿನಲ್ಲಿ ಇದೇ ಅಕ್ಷರದ ಒಳಭಾಗದ ಗೆರೆಗಳನ್ನು ಎಳೆಯುವ ಕ್ರಮ ಬೇರೆ, ಅಲ್ಲಿ ಎರಡನೆಯ ಅಡ್ಡಗೆರೆಗಿಂತ ಮೊದಲೇ ಉದ್ದಗೆರೆ ಬರುತ್ತದೆ.

ಫಲ ಕೊಟ್ಟದ್ದು ಚೀನಾದ ಕ್ರಮವೊಂದನ್ನೇ ಹಿಡಿದು, ಪ್ರತಿ ಗೆರೆಯನ್ನೂ ಬಾಯಲ್ಲಿ ಹೇಳುತ್ತ ಬರೆದದ್ದು. ಮೊದಲು ಎಡಗಡೆಯ ಉದ್ದಗೆರೆ. ನಂತರ ಮೇಲೆ ಅಡ್ಡವಾಗಿ ಸಾಗಿ, ಪೆನ್ನೆತ್ತದೆ ಬಲಗಡೆ ಕೆಳಗಿಳಿಯುವ ಗೆರೆ. ಒಳಗೆ ಅಡ್ಡ, ಅಡ್ಡ, ಉದ್ದ, ಅಡ್ಡ, ಚುಕ್ಕೆ. ಕಟ್ಟಕಡೆಗೆ ತಳದ ಅಡ್ಡಗೆರೆ. ಒಟ್ಟು 8. ತಳ ತೆರೆದೇ ಇರುವುದರಿಂದ ಒಳಗಿನದನ್ನು ನಡುವೆ ಕೂರಿಸಿ, ಅದರ ಅಳತೆಗೆ ತಕ್ಕಂತೆ ಮುಚ್ಚಬಹುದು. ಮರಳುವುದು ಎಂಬರ್ಥದ ‘ಹುಯಿ’ ಅಕ್ಷರಕ್ಕೂ ತಳದ ಗೆರೆ ಕೊನೆಯದೇ.